ಬಿಚ್ಚಿಟ್ಟ ಸಾಮಾನು ಎಲ್ಲಿ?

ಪ್ರಶ್ನೆ: ನನಗೆ 28 ವರ್ಷ. ಊರು ಬಂಗಾರಪೇಟೆ, ಕೆಲಸ ವೈಟ್‌ಫೀಲ್ಡ್‌ನಲ್ಲಿ, ದಿನಾ ರೈಲಲ್ಲಿ ಓಡಾಟ. ಐದು ವರ್ಷ ಕೂಡಿಟ್ಟ ದುಡ್ಡಲ್ಲಿ ಒಂದು ಸ್ಪೋರ್ಟ್ಸ್ ಕಾರ್ ತೊಗೋಬೇಕು ಅಂತ ಆಸೆ. ಕೆಜಿಎಫ್ ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಭಾವನ ಸ್ನೇಹಿತರೊಬ್ಬರ ಹತ್ತಿರ 2015ರ ಪೋಲೊ ಜಿಟಿ ಟಿಎಸ್‌ಐ ಇದೆ. ಪೂರ್ತಿ ಮಾಡಿಫೈ ಮಾಡಿಸಿದ್ದಾರೆ. ರೀಮ್ಯಾಪ್, ದೊಡ್ಡ ಸೈಲೆನ್ಸರ್, ಓಪನ್ ಏರ್ ಫಿಲ್ಟರ್, ತಗ್ಗಿಸಿದ ಸ್ಪ್ರಿಂಗು, ಬಿಳಿ ಗಾಡಿಗೆ ಬೂದು ಬಣ್ಣದ ರ‍್ಯಾಪ್. ಸೈನೈಡ್ ಗುಡ್ಡದ ಮೇಲೆ ತೆಗೆದ ಅದರ ರೀಲ್ಸ್ ನೋಡಿಯೇ ನಾನು ಬಿದ್ದುಹೋದೆ. ಐದೂಕಾಲು ಲಕ್ಷ ಹೇಳ್ತಾರೆ. ಎರಡು ಸಲ ಹೋಗಿ ನೋಡಿದೆ. ಮೊದಲನೇ ಸಲ ರಾತ್ರಿ ಆಗಿತ್ತು. ಎರಡನೇ ಸಲ ಅವರೇ ಓಡಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ. ನಾನೇ ಓಡಿಸಿ ನೋಡಬೇಕು ಅಂದ್ರೆ 25,000 ಟೋಕನ್ ಹಾಕಬೇಕಂತೆ, ‘ಬಂದೋರೆಲ್ಲ ಜಾಲಿ ರೈಡ್ ಹೊಡ್ಕೊಂಡು ಹೋಗ್ತಾರೆ’ ಅಂತಾರೆ. ಆರ್‌ಸಿ ಬೆಂಗಳೂರಿನ ಇನ್ಯಾರದೋ ಹೆಸರಲ್ಲಿದೆ, ಸಹಿ ಹಾಕಿದ ಫಾರಂ ಇದೆ ಅಂತಾರೆ. ನನಗೆ ಕಾರಿನ ಒಳಗಿನದು ಏನೂ ಗೊತ್ತಾಗಲ್ಲ, ಹಾಗಂತ ಹೇಳೋಕೂ ನಾಚಿಕೆ. ಬೇಡ ಅಂದ್ರೆ ಭಾವ ಏನಂದುಕೊಳ್ತಾರೋ ಅಂತ ಭಯ. ಅಪ್ಪ ಬೆಮೆಲ್‌ನಲ್ಲಿ ಇನ್ಸ್‌ಪೆಕ್ಷನ್ ಸೆಕ್ಷನ್ನಿಂದ ರಿಟೈರ್ ಆದವರು, ಅವರಿಗೆ ಹೇಳಿಲ್ಲ. ಇಂಥ ಆಸೆ ಇಟ್ಟುಕೊಂಡಿದ್ದೇ ತಪ್ಪಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ತಪ್ಪಲ್ಲ. 2001ರ ಫೆಬ್ರುವರಿ ಕೊನೆಗೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ನಿಮ್ಮ ಕಡೆಯ ಎಷ್ಟೋ ಮನೆಗಳು ಬೆಂಗಳೂರಿನ ರೈಲನ್ನೇ ನಂಬಿ ಬದುಕಿವೆ. ಐದು ವರ್ಷ ಆ ರೈಲಿನ ಬಾಗಿಲಲ್ಲಿ ನಿಂತು ಹೋಗಿಬಂದವನಿಗೆ ತನ್ನದೊಂದು ಸ್ಟೇರಿಂಗ್ ಬೇಕೆನಿಸಿದರೆ, ಅದೂ ಕೊಂಚ ಗುರುಗುಟ್ಟುವ ಗಾಡಿಯದೇ ಬೇಕೆನಿಸಿದರೆ, ನಾನಂತೂ ಬುದ್ಧಿ ಹೇಳಲು ಬರುವುದಿಲ್ಲ. ಆಸೆಯ ಮೇಲೆ ನನ್ನ ತಕರಾರಿಲ್ಲ. ನೀವು ಎರಡು ಸಲ ಹೋಗಿ ಬಂದ ರೀತಿಯ ಮೇಲಿದೆ.

ಟೋಕನ್ ಕೊಡಬೇಡಿ. ಆತನ ದೂರಿನಲ್ಲಿ ಹುರುಳಿಲ್ಲ ಎಂದಲ್ಲ. ಇಂಥ ಗಾಡಿ ಮಾರಾಟಕ್ಕಿದೆ ಎಂದರೆ ಕೊಳ್ಳುವವರಿಗಿಂತ ತುಳಿದು ನೋಡುವವರೇ ಹೆಚ್ಚು ಬರುತ್ತಾರೆ, ನಿಜ. ಅದಕ್ಕೆ ಬೇರೆ ದಾರಿಯಿದೆ. ನಿಮ್ಮ ಬೈಕು, ಅದರ ಕೀ, ಲೈಸೆನ್ಸಿನ ಜೆರಾಕ್ಸು ಆತನ ಮನೆಯಲ್ಲಿ ಬಿಡಿ. ಆತ ಪಕ್ಕದ ಸೀಟಿನಲ್ಲಿ ಕೂರಲಿ. ಓಡಿಸುವಾಗ ಏನಾದರೂ ತಗುಲಿದರೆ ಯಾರು ಕೊಡಬೇಕು ಎಂದು ಎರಡು ಸಾಲು ವಾಟ್ಸ್ಯಾಪ್‌ನಲ್ಲಿ ಮೊದಲೇ ಬರೆದುಕೊಳ್ಳಿ. ಇಷ್ಟಕ್ಕೂ ಒಪ್ಪದೆ ದುಡ್ಡೇ ಬೇಕೆಂದರೆ, ಆತನಿಗೆ ಬೇಕಿರುವುದು ಗಾಡಿಯ ರಕ್ಷಣೆ ಅಲ್ಲ, ನಿಮ್ಮ ಕಾಲಿಗೊಂದು ಹಗ್ಗ. 25,000 ಕೊಟ್ಟ ಮನುಷ್ಯನ ಕಣ್ಣಿಗೆ ಗಾಡಿಯ ಹುಳುಕು ಕಾಣುವುದಿಲ್ಲ. ಕಂಡರೂ ‘ಸರಿಮಾಡಿಸಿಕೊಂಡರಾಯಿತು’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ನಿಮ್ಮಜ್ಜನ ಕಾಲದವರನ್ನು ಕೇಳಿದರೆ ಹೇಳುತ್ತಾರೆ: ಗಣಿಯಲ್ಲಿ ರಿಪೇರಿಗೆ ನಿಂತ ಕೇಜನ್ನು, ಅಂದರೆ ಆಳುಗಳನ್ನು ಇಳಿಸುವ ಲಿಫ್ಟನ್ನು, ಒಮ್ಮೆ ಖಾಲಿ ಇಳಿಸಿ ಹತ್ತಿಸಿ ನೋಡಿದ ಮೇಲೆಯೇ ಆಳುಗಳನ್ನು ಹತ್ತಿಸುತ್ತಿದ್ದರು. ಹತ್ತಿದ ಮೇಲೆ ಪರೀಕ್ಷೆ ಮಾಡುವ ಪದ್ಧತಿ ಅಲ್ಲಿರಲಿಲ್ಲ.

ಇನ್ನು ಕಾರು. ಅದನ್ನು ಸ್ಪೋರ್ಟ್ಸ್ ಕಾರ್ ಅಂದಿದ್ದೀರಿ, ನಾನು ಸ್ವಲ್ಪ ತಿದ್ದುತ್ತೇನೆ. 2013ರಲ್ಲಿ ಬಂದಾಗ ಪೋಲೊ ಜಿಟಿ ಟಿಎಸ್‌ಐಗೆ ಕಂಪನಿ ಕೊಟ್ಟದ್ದು 1.2 ಲೀಟರಿನ ಪುಟ್ಟ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ತಿರುಗುಬಲ, ತಾನೇ ಗೇರ್ ಬದಲಿಸುವ ಏಳು ಗೇರಿನ ಡಿಎಸ್‌ಜಿ ಗೇರ್ ಬಾಕ್ಸು. ಮನೆ ಮಂದಿ ಕೂರುವ ಕಾರಿಗೆ ಓಟದ ಬೂಟು ತೊಡಿಸಿದಂತೆ. ಹಗುರ, ಚುರುಕು, ಓಡಿಸಲು ಖುಷಿ. ಆದರೆ ಅದರ ಬ್ರೇಕು, ರೇಡಿಯೇಟರು ಎಲ್ಲ ಕಂಪನಿ ಕೊಟ್ಟ ಶಕ್ತಿಯ ಲೆಕ್ಕಕ್ಕೆ ಹೊಂದಿಸಿದವು. ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಪಾಠ ಹೇಳಿಕೊಟ್ಟು ಹೆಚ್ಚು ದುಡಿಸುವುದು. ಎಂಜಿನ್ನು ದುಡಿಯುತ್ತದೆ, ಪೆಟ್ಟು ತಿನ್ನುವುದು ಅದರ ಹಿಂದಿರುವ ಒಣ ಕ್ಲಚ್ಚಿನ ಗೇರ್ ಬಾಕ್ಸು. ಈ ಕಾರಿನ ದುಬಾರಿ ರಿಪೇರಿಗಳಲ್ಲಿ ಅದೂ ಒಂದು.

ಹಾಗಾದರೆ ಮಾಡಿಫೈ ಮಾಡಿದ ಕಾರನ್ನು ನೋಡುವುದು ಹೇಗೆ? ನನ್ನ ಬಳಿ ಇರುವುದು ಒಂದೇ ಉಪಾಯ. ಹಾಕಿದ್ದನ್ನು ಆತ ತಾನಾಗಿಯೇ ತೋರಿಸುತ್ತಾನೆ. ಈ ಅಲಾಯ್ ಇಷ್ಟು ಸಾವಿರ, ಈ ಸೈಲೆನ್ಸರ್ ಅಷ್ಟು ಸಾವಿರ ಎಂದು ಬಾಯಿಪಾಠ ಒಪ್ಪಿಸುತ್ತಾನೆ. ನೀವು ಬಿಚ್ಚಿದ್ದನ್ನು ಕೇಳಿ. ‘ಅಣ್ಣ, ಕಂಪನಿ ಸೈಲೆನ್ಸರ್ ಎಲ್ಲಿದೆ? ಹಳೇ ಸ್ಪ್ರಿಂಗು? ಏರ್ ಫಿಲ್ಟರಿನ ಡಬ್ಬ? ಕ್ಯಾಟಲಿಟಿಕ್ ಕನ್ವರ್ಟರ್ ಇದೆಯೋ ತೆಗೆಸಿದ್ದೀರೋ? ರೀಮ್ಯಾಪ್ ಮಾಡೋ ಮುಂಚೆ ಒರಿಜಿನಲ್ ಫೈಲು ಉಳಿಸಿಕೊಂಡಿದ್ದಾರಾ?’ ತಿಳಿದು ಮಾಡಿಸಿದವನ ಮನೆಯ ಮೂಲೆಯಲ್ಲಿ ಇವೆಲ್ಲ ಗೋಣಿಚೀಲದಲ್ಲಿ ಕಟ್ಟಿಟ್ಟಿರುತ್ತವೆ, ಬಿಲ್ಲುಗಳು ಒಂದು ಫೈಲಿನಲ್ಲಿರುತ್ತವೆ. ಯಾರು, ಯಾವತ್ತು, ಎಷ್ಟು ಕಿಲೋಮೀಟರಿಗೆ ಕೆಲಸ ಮಾಡಿದರು ಎಂದು ಹೇಳಬಲ್ಲ. ಗುಜರಿಗೆ ಹಾಕಿಬಿಟ್ಟೆ ಎಂದವನು ಷೋಕಿಗೆ ಮಾಡಿಸಿದವನು. ಅವನನ್ನೂ ಕಳ್ಳ ಎನ್ನಬೇಕಿಲ್ಲ. ಆದರೆ ಆ ಸಾಮಾನುಗಳನ್ನು ಮತ್ತೆ ಕೊಂಡು ಹಾಕಿಸಲು ಎಷ್ಟಾಗುತ್ತದೆ ಎಂದು ಬೆಂಗಳೂರಿನಲ್ಲಿ ವಿಚಾರಿಸಿ, ಅಷ್ಟನ್ನು ಐದೂಕಾಲು ಲಕ್ಷದಿಂದ ಕಳೆದು ನೋಡಿ. ಮಾಡಿಫಿಕೇಷನ್ನಿಗೆ ಆತ ಸುರಿದ ದುಡ್ಡು ಆತನ ಸಂತೋಷಕ್ಕೆ ಸುರಿದದ್ದು. ಅದು ಬೆಲೆಗೆ ಕೂಡುವ ಲೆಕ್ಕವಲ್ಲ, ಬಹಳ ಸಲ ಕಳೆಯುವ ಲೆಕ್ಕ.

ಸೈನೈಡ್ ಗುಡ್ಡದ ರೀಲ್ಸ್ ಬಗ್ಗೆ ಒಂದು ಮಾತು. ನಿಮ್ಮನ್ನು ಬೀಳಿಸಿದ ಆ ವಿಡಿಯೊ ನನ್ನನ್ನು ಹೆದರಿಸಿತು. ಆ ದಿಬ್ಬಗಳು ಮಣ್ಣಲ್ಲ. ನೂರಿಪ್ಪತ್ತು ವರ್ಷ ನೆಲದಡಿಯಿಂದ ತೆಗೆದ ಕಲ್ಲನ್ನು ಅರೆದು, ಚಿನ್ನ ಸೋಸಿಕೊಂಡು ಚೆಲ್ಲಿದ ಹಿಟ್ಟು. ಗಾಳಿ ಎದ್ದರೆ ಊರಿನ ಕಿಟಕಿ, ಪಾತ್ರೆ, ಬಟ್ಟೆಗೆಲ್ಲ ಅದು ಹೇಗೆ ಕೂರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಕಂಪನಿಯ ಏರ್ ಫಿಲ್ಟರ್ ಮುಚ್ಚಿದ ಡಬ್ಬದೊಳಗಿರುತ್ತದೆ. ಓಪನ್ ಫಿಲ್ಟರ್ ಬಾನೆಟ್ಟಿನಡಿ ಬಾಯಿ ತೆರೆದುಕೊಂಡಿರುತ್ತದೆ. ಆ ಹಿಟ್ಟಿನ ಮೇಲೆ ಚಕ್ರ ತಿರುಗಿಸಿ ಧೂಳೆಬ್ಬಿಸಿದ ಗಾಡಿ ಏನನ್ನು ಉಸಿರಾಡಿರಬಹುದು, ಯೋಚಿಸಿ. ಟರ್ಬೊದ ರೆಕ್ಕೆಗೂ ಸಿಲಿಂಡರಿನ ಗೋಡೆಗೂ ನುಣ್ಣಗಿನ ಕಲ್ಲುಪುಡಿಗಿಂತ ಕೆಟ್ಟ ಶತ್ರುವಿಲ್ಲ. ಮೆಕ್ಯಾನಿಕ್ಕಿಗೆ ಹೇಳಿ ಆ ಫಿಲ್ಟರ್ ಬಿಚ್ಚಿಸಿ, ಅದರ ಹಿಂದಿನ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿ ನರನರ ಅಂದರೆ, ಅಲ್ಲಿಂದಲೇ ಕೈಮುಗಿದು ಬನ್ನಿ.

ಮೆಕ್ಯಾನಿಕ್ ಅಂದೆ. ಮಾರುವವನು ಹೇಳಿದವನಲ್ಲ, ಭಾವನ ಪರಿಚಯದವನೂ ಅಲ್ಲ. ಈ ಕಂಪನಿಯ ಗಾಡಿಗಳಲ್ಲೇ ಕೈ ಪಳಗಿದ ಒಬ್ಬನನ್ನು ಬೆಂಗಳೂರಿನಿಂದ ದುಡ್ಡು ಕೊಟ್ಟು ಕರೆತನ್ನಿ. ಒಂದು ದಿನದ ಕೂಲಿ, ರೈಲು ಚಾರ್ಜು, ಊಟ. ಬೇಕಿದ್ದರೆ ಬಂಗಾರಪೇಟೆಯಲ್ಲಿ ಪಾನಿಪುರಿಯನ್ನೂ ಕೊಡಿಸಿ. ಐದು ಲಕ್ಷದ ವ್ಯವಹಾರದಲ್ಲಿ ಇದು ಖರ್ಚಲ್ಲ. ಅವನ ಕೈಯಲ್ಲಿ ಸ್ಕ್ಯಾನರ್ ಇರಬೇಕು. ಇಲ್ಲಿ ಬಹಳ ಜನಕ್ಕೆ ಗೊತ್ತಿರದ ಒಂದು ಸಂಗತಿಯಿದೆ. ಡ್ಯಾಶ್‌ಬೋರ್ಡಿನ ಎಂಜಿನ್ ಲೈಟು ಉರಿಯುತ್ತಿದ್ದರೆ ಗಿರಾಕಿ ಬರುವ ಮುನ್ನ ಸ್ಕ್ಯಾನರಿನಿಂದಲೇ ಆ ದೋಷವನ್ನು ಅಳಿಸಿಬಿಡಬಹುದು, ಲೈಟು ಆರಿಹೋಗುತ್ತದೆ. ಆದರೆ ಅಳಿಸಿದೊಡನೆ ಕಾರಿನ ಕಂಪ್ಯೂಟರು ತನ್ನ ಸ್ವಂತ ತಪಾಸಣೆಗಳನ್ನೂ ಮರೆತು ಮೊದಲಿನಿಂದ ಶುರುಮಾಡುತ್ತದೆ. ಒಂದಷ್ಟು ದೂರ ಓಡುವವರೆಗೆ ಸ್ಕ್ಯಾನರಿನಲ್ಲಿ ಅವು ‘ಮುಗಿದಿಲ್ಲ’ ಎಂದೇ ತೋರುತ್ತವೆ. ದೋಷ ಒಂದೂ ಇಲ್ಲ, ತಪಾಸಣೆಯೂ ಮುಗಿದಿಲ್ಲ ಎಂದರೆ ನಿನ್ನೆ ಮೊನ್ನೆ ಯಾರೋ ಒರೆಸಿದ್ದಾರೆ ಎಂದೇ ಅನುಮಾನಿಸಬೇಕು. ಬ್ಯಾಟರಿ ಬಿಚ್ಚಿದ್ದೆ ಎಂಬ ನೆಪ ಬರಬಹುದು. ಬರಲಿ, ಒಂದು ವಾರ ಬಿಟ್ಟು ಮತ್ತೆ ಬರುತ್ತೇನೆ ಅನ್ನಿ.

ಹೋಗುವುದು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ. ರಾತ್ರಿ ಹೊತ್ತು ಎಲ್ಲ ಕಾರೂ ಚೆಂದ. ನಾನು ಒಮ್ಮೆ ಸಂಜೆ, ಮಳೆ ಬಂದು ನಿಂತ ಹೊತ್ತಿನಲ್ಲಿ, ಟ್ಯೂಬ್‌ಲೈಟಿನ ಬೆಳಕಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿ ಅಲ್ಲೇ ದುಡ್ಡು ಎಣಿಸಿಕೊಟ್ಟವನು. ಮರುದಿನದ ಬಿಸಿಲಲ್ಲಿ ನೋಡಿದರೆ ಎಡಗಡೆಯ ಎರಡು ಬಾಗಿಲು ಒಂದು ಕೆಂಪು, ಉಳಿದ ಮೈ ಇನ್ನೊಂದು ಕೆಂಪು. ಹೆಂಡತಿ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ನಿಮ್ಮ ಗಾಡಿಗಂತೂ ರ‍್ಯಾಪ್ ಇದೆ. ಅಂದರೆ ಅಡಿಯ ಪೇಂಟು, ಪಟ್ಟಿ, ಟಿಂಕರಿಂಗು ಎಲ್ಲಕ್ಕೂ ಚಾದರ ಹೊದಿಸಿದ ಹಾಗೆ. ಬಾಗಿಲಿನ ರಬ್ಬರ್ ಎಬ್ಬಿಸಿ, ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಯ ವೆಲ್ಡಿಂಗ್ ನೋಡಿ. ಬಾನೆಟ್ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗೀರು ಇದೆಯೇ ನೋಡಿ. ಎಂಜಿನ್ ಕೋಣೆ ಆಗತಾನೇ ತೊಳೆದು ಫಳಫಳ ಅಂದರೆ ಅದು ನಿಮ್ಮೂರ ಪಾನಿಪುರಿ ನೀರಿನಂತೆ: ನೋಡಲು ತಿಳಿ, ಖಾರ ಆಮೇಲೆ ಗೊತ್ತಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಟೈರಿಗೂ ನಾಲ್ಕು ವಯಸ್ಸು, ಒಳಮೈ ಒಂದೇ ಕಡೆ ಸವೆದಿದೆ ಎಂದರೆ ತಗ್ಗಿಸಿದ ಸ್ಪ್ರಿಂಗಿಗೆ ಅಲೈನ್‌ಮೆಂಟ್ ಯಾರೂ ಮಾಡಿಸಿಲ್ಲ.

ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ನಿಮಗಿಂತ ಮೊದಲು ಅದನ್ನು ಎಬ್ಬಿಸಿದ್ದಾರೆ, ಆವತ್ತು ವಾಪಸ್ ಬನ್ನಿ. ತಣ್ಣಗಿದ್ದರೆ ಆತನೇ ಸ್ಟಾರ್ಟ್ ಮಾಡಲಿ, ನೀವು ಹಿಂದೆ ನಿಲ್ಲಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಡದೆ ಬಂದು ಸಿಹಿ ವಾಸನೆ ಬೀರಿದರೆ ಕೂಲಂಟ್ ಒಳಗೆ ಹೋಗುತ್ತಿದೆ. ದೊಡ್ಡ ಸೈಲೆನ್ಸರಿನ ಸದ್ದು ಸಣ್ಣ ಸದ್ದುಗಳನ್ನೆಲ್ಲ ನುಂಗುತ್ತದೆ, ಆದ್ದರಿಂದ ಎಂಜಿನ್ನಿನ ಕಡೆಗೇ ಕಿವಿ ಕೊಡಿ.

ಓಡಿಸುವಾಗ ಆತ ಖಂಡಿತ ಹೇಳುವ ಮಾತು: ‘ಬೇತಮಂಗಲದ ಹತ್ರ ಚೆನ್ನೈ ಎಕ್ಸ್‌ಪ್ರೆಸ್‌ವೇ ಇದೆ ಬಾ ತಮ್ಮ, 180 ತೋರಿಸ್ತೀನಿ.’ ಹೋಗಬೇಡಿ. 180ರಲ್ಲಿ ಕೇಳುವುದು ನಿಮ್ಮ ಎದೆಬಡಿತ ಮಾತ್ರ. ಗಾಡಿಯ ರೋಗವೆಲ್ಲ 20ರಲ್ಲಿ ಕಾಣುತ್ತದೆ. ಆಂಡರ್ಸನ್‌ಪೇಟೆಯ ಹಂಪುಗಳ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸಿ, ಮುಂದಿನ ಸಸ್ಪೆನ್ಷನ್ ಟಕಟಕ ಅನ್ನುತ್ತದೋ ಕೇಳಿ. ಅಡಿ ತಾಗಿದರೆ ನೆನಪಿಡಿ, ಮನೆಮಂದಿ ಕೂತ ದಿನ ಇನ್ನೂ ತಾಗುತ್ತದೆ. ಪೇಟೆಯ ಸಂದಣಿಯಲ್ಲಿ ನಿಂತು ಹೊರಟು, ನಿಂತು ಹೊರಟು ಮಾಡಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಮೈ ನಡುಗಿದರೆ ಕ್ಲಚ್ಚು ಮುಗಿಯುತ್ತ ಬಂದಿರಬಹುದು. ಒಂದು ಏರಿನಲ್ಲಿ ರಿವರ್ಸ್ ಹಾಕಿ, ಸುಟ್ಟ ವಾಸನೆ ಬರುತ್ತದೆಯೇ ನೋಡಿ. ಆಮೇಲೆ ಬಂಗಾರಪೇಟೆ ರಸ್ತೆಗೆ ಬಂದು, ಖಾಲಿ ಇರುವಲ್ಲಿ, ಮಿತಿಯೊಳಗೇ ಒಮ್ಮೆ ಚೆನ್ನಾಗಿ ಎಳೆದು ಕಾಲು ಬಿಡಿ, ಹಿಂದೆ ಬರುವ ಮೆಕ್ಯಾನಿಕ್ ಹೊಗೆ ನೋಡಲಿ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಒಂದು ಕಡೆ ಎಳೆಯಬಾರದು. ಏಸಿ ಹಾಕಿಯೇ ಓಡಿಸಿ, ಹಾಡು ಮಾತ್ರ ಬೇಡ. ಮುಕ್ಕಾಲು ಗಂಟೆಯಾದರೂ ಬೇಕು. ಬಿಸಿಯಾದ ಮೇಲೆಯೇ ಕೆಲವು ಗೇರ್ ಬಾಕ್ಸುಗಳು ಬಾಯಿಬಿಡುತ್ತವೆ.

ಖುಷಿಗೆ ಅಷ್ಟು ವೇಗವೇ ಬೇಕೆಂದರೆ ಎಂದಾದರೂ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಹೋಗಿ. ಬಂಗಾರಪೇಟೆಯ ರಸ್ತೆಯಲ್ಲಿ ಶಾಲೆ ಮಕ್ಕಳಿರುತ್ತಾರೆ.

ಈಗ ಕಾಗದ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡದ್ದು ಗಾಡಿಯ ಮೈಯಲ್ಲ, ‘ಆರ್‌ಸಿ ಇನ್ಯಾರದೋ ಹೆಸರಲ್ಲಿದೆ’ ಎಂಬ ಅರ್ಧ ಸಾಲು. ಮೊದಲ ಮಾಲೀಕ 29, 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿ ಕೊಟ್ಟು, ಅದೇ ಕಾಗದದ ಮೇಲೆ ಗಾಡಿ ಮೂರು ಕೈ ದಾಟುವುದು ನಮ್ಮಲ್ಲಿ ನಡೆದುಬಂದ ರೂಢಿ. ರೂಢಿಯಾದ ಮಾತ್ರಕ್ಕೆ ಸರಿಯಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಇಂಥದೇ ಗಾಡಿಯ ಅಪಘಾತವನ್ನು ವಿಚಾರಿಸಿತು; ಗಾಡಿ ಒಬ್ಬರಿಂದೊಬ್ಬರಿಗೆ ಎಷ್ಟು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದಿತು. ಅಂದರೆ ನಿಮಗೆ ಮಾರುತ್ತಿರುವವನು ಕಾನೂನಿನ ಕಣ್ಣಿಗೆ ಮಾಲೀಕನೇ ಅಲ್ಲ. ಆರ್‌ಸಿಯಲ್ಲಿರುವ ವ್ಯಕ್ತಿಯ ಜೊತೆ ಫೋನಿನಲ್ಲಾದರೂ ಮಾತಾಡದೆ, ಅವರು ಒಪ್ಪದೆ, ಒಂದು ರೂಪಾಯಿ ಕೈ ಬದಲಾಗಬಾರದು. ಪರಿವಾಹನ್ ತಾಣದಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಬ್ಯಾಂಕ್ ಸಾಲ, ಬಾಕಿ ದಂಡ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ 35ನೇ ನಮೂನೆ ಬೇಕು. ಚಾಸಿಸ್ ನಂಬರನ್ನು ಗಾಡಿಯ ಮೇಲೆಯೇ ಓದಿ ಹೋಲಿಸಿ. ಕೊಂಡರೆ 30 ದಿನದೊಳಗೆ ಆರ್‌ಟಿಒಗೆ, 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ನಿಮ್ಮ ಹೆಸರು ಮುಟ್ಟಬೇಕು.

ಮಾಡಿಫಿಕೇಷನ್ನಿನ ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು, ಹೊಗೆಯ ಮಿತಿ ಮೀರಿದ ಗಾಡಿಗೆ ಮೊದಲ ಸಲವೇ 10,000ದವರೆಗೆ ದಂಡ ಬೀಳಬಹುದು, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಈ ಎರಡನೆಯದು ಓಡಿಸುವವನಿಗೆ ಬೀಳುವಂಥದ್ದು, ಅಂದರೆ ಟೆಸ್ಟ್ ಡ್ರೈವಿನ ದಿನ ಸ್ಟೇರಿಂಗ್ ಹಿಂದೆ ಕೂತ ನಿಮಗೂ. ಆರ್‌ಸಿಯಲ್ಲಿ ಬಿಳಿ ಎಂದಿದ್ದು ಗಾಡಿ ಬೂದು ಎಂದರೆ ಹೆಸರು ಬದಲಿಸಲು ಹೋದ ದಿನವೇ ಪ್ರಶ್ನೆ ಏಳುತ್ತದೆ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ರೀಮ್ಯಾಪ್ ಮಾಡಿಸಿದ ಗಾಡಿ ಗುದ್ದಿದರೆ, ಗಾಡಿಯ ಸ್ವಂತ ನಷ್ಟಕ್ಕೆ ಅವರು ಕೈ ಎತ್ತಿಬಿಡಬಹುದು. ಕಿಟಕಿಯ ಕಪ್ಪು ಫಿಲ್ಮ್ ಇದ್ದರೆ ಅದನ್ನಂತೂ ಕೀಳಿಸಿಯೇ ತನ್ನಿ.

ನನ್ನ ತೀರ್ಪು ಕೇಳುತ್ತೀರಾದರೆ: ಕಂಪನಿ ಸಾಮಾನೆಲ್ಲ ಚೀಲದಲ್ಲಿದ್ದು, ಅದನ್ನು ಮಾರುವವನೇ ತನ್ನ ಖರ್ಚಿನಲ್ಲಿ ವಾಪಸ್ ಕೂರಿಸಿಕೊಟ್ಟು, ಆರ್‌ಸಿ ಮಾಲೀಕ ಎದುರಿಗೋ ಫೋನಿನಲ್ಲೋ ಒಪ್ಪಿದರೆ ಈ ಕಾರನ್ನು ಪರಿಗಣಿಸಿ. ಮೂರರಲ್ಲಿ ಒಂದು ತಪ್ಪಿದರೂ ಬಿಡಿ. 2022ರಲ್ಲಿ ಪೋಲೊ ತಯಾರಿಕೆ ನಿಂತಿತಾದರೂ ಯಾರೂ ಕೈಹಾಕದ ಜಿಟಿಗಳು ಬೆಂಗಳೂರಿನಲ್ಲಿ ಇನ್ನೂ ಸಿಗುತ್ತವೆ. ಆರು ತಿಂಗಳು ತಡವಾದೀತು, ಅಷ್ಟೆ.

ಭಾವನ ವಿಚಾರ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ‘ಮೆಕ್ಯಾನಿಕ್ ಬೇಡ ಅಂದ ಭಾವ’ ಎಂದರೆ ಮುಗಿಯಿತು. ಆ ಮಾತಿಗೆ ಮುನಿಸಿಕೊಂಡ ಭಾವನನ್ನು ನಾನು ಇನ್ನೂ ಕಂಡಿಲ್ಲ.

ಕೊನೆಗೆ, ಬಿಚ್ಚಿಟ್ಟ ಸಾಮಾನಿನ ಮಾತು ನಿಮ್ಮ ಪತ್ರಕ್ಕೂ ಸಲ್ಲುತ್ತದೆ. ಕಾರಿಗೆ ಏನೇನು ಹಾಕಿದ್ದಾರೆಂದು ಉದ್ದಕ್ಕೆ ಬರೆದಿರಿ, ಅಪ್ಪನನ್ನು ಕೊನೆಯ ಒಂದು ಸಾಲಿಗೆ ತಳ್ಳಿದಿರಿ. ಬುಲ್ಡೋಜರ್ ಕಟ್ಟುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಬೇರೆಯವರು ಮಾಡಿದ ಕೆಲಸದ ಹುಳುಕು ಹುಡುಕಿಯೇ ಸಂಬಳ ತಂದ ಮನುಷ್ಯ ಮನೆಯಲ್ಲೇ ಕೂತಿದ್ದಾರೆ, ನೀವು ರಾತ್ರಿ ಹೊತ್ತಲ್ಲಿ ಒಬ್ಬರೇ ಹೋಗಿ ಕಾರು ನೋಡಿ ಬಂದಿರಿ! ಬೈಯುತ್ತಾರೆ ಎಂಬ ಭಯ ಇರಬಹುದು. ‘ಅಪ್ಪ, ಕಾರ್ ತೊಗೊಳ್ಳಲಾ?’ ಎಂದು ಕೇಳಿದರೆ ಬೈದಾರು. ‘ಅಪ್ಪ, ಒಂದು ಗಾಡಿ ಇನ್ಸ್‌ಪೆಕ್ಷನ್ ಇದೆ, ಬರ್ತೀಯಾ?’ ಎಂದು ಕೇಳಿ ನೋಡಿ. ಟರ್ಬೊ ಬಗ್ಗೆ ಅವರಿಗೆ ಗೊತ್ತಿರದೆ ಇರಬಹುದು, ಅದಕ್ಕೆ ಮೆಕ್ಯಾನಿಕ್ ಇದ್ದಾನೆ. ವೆಲ್ಡಿಂಗ್ ಕಂಪನಿಯದೋ ಗ್ಯಾರೇಜಿನದೋ ಎಂಬುದು ಅವರ ಕಣ್ಣಿಗೆ ಬಿಟ್ಟ ವಿಚಾರ.

ಇವತ್ತೇ ಆ ಅಣ್ಣನಿಗೆ ಒಂದು ಮೆಸೇಜ್ ಹಾಕಿ: ‘ಭಾನುವಾರ ಬೆಳಿಗ್ಗೆ ಏಳಕ್ಕೆ ಮೂರು ಜನ ಬರ್ತೀವಿ, ಅಲ್ಲೀವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಬಿಚ್ಚಿದ ಸಾಮಾನೆಲ್ಲ ಎತ್ತಿಟ್ಟಿರಿ.’ ಏನು ಉತ್ತರ ಬಂತೆಂದು ನನಗೂ ಬರೆಯಿರಿ.